ಗುಡುಗಿಗೆ ಹೆದರುವ ಸಂಧ್ಯಾರಾಣಿ

ಸೊಕ್ಕೆಯಲ್ಲಿ ಮೋಡ ಕಟ್ಟಿತೆಂದರೆ ಓಣಿಯವರು ಮೊದಲು ಆಕಾಶ ನೋಡುತ್ತಾರೆ, ಆಮೇಲೆ ಸಂಧ್ಯಾರಾಣಿಯ ಮನೆ ಬಾಗಿಲು ನೋಡುತ್ತಾರೆ. ಬಾಗಿಲು ಹಾಕಿದ್ದರೆ ಒಣಹಾಕಿದ್ದನ್ನೆಲ್ಲ ಎತ್ತಿಟ್ಟುಕೊಳ್ಳುತ್ತಾರೆ. ಒಳಗೆ ಆಕೆ ಟೀವಿಯ ಪ್ಲಗ್ಗು ಕಿತ್ತು, ಹೊಲಿಗೆ ಯಂತ್ರದ ಮೇಲೆ ಗೋಣಿಚೀಲ ಹೊದಿಸಿ, ಮೂರು ವರ್ಷದ ಮಗಳು ಧನುಶ್ರೀಯನ್ನು ಮಡಿಲಿಗೆಳೆದುಕೊಂಡು ನಡುಮನೆಯಲ್ಲಿ ಕುಳಿತಿರುತ್ತಾಳೆ. ಗೋಡೆಗೆ ಒರಗುವುದಿಲ್ಲ. ಗೋಡೆಯೊಳಗೆ ವೈರು ಇರುತ್ತದೆ.

“ನಮ್ ಸೊಸೆ ಇರೋ ಗಂಟ ಹವಾಮಾನದ ಸುದ್ದಿ ಕೇಳೋ ತಾಪತ್ರಯ ಇಲ್ಲ” ಎಂದು ಅತ್ತೆ ಸಾವಂತ್ರಮ್ಮ ಕಟ್ಟೆಯ ಮೇಲೆ ಕುಳಿತು ಬಂದವರಿಗೆಲ್ಲ ಹೇಳುತ್ತಿದ್ದಳು. ಹೇಳುವುದರಲ್ಲಿ ನಂಜಿರಲಿಲ್ಲ, ನಗುವೂ ಪೂರ್ತಿ ಇರಲಿಲ್ಲ. ಯಾಕೆಂದರೆ ಆ ಹೆದರಿಕೆ ಎಲ್ಲಿಂದ ಬಂತು ಅನ್ನುವುದು ಅವಳಿಗೂ ಗೊತ್ತಿತ್ತು.

ಸಂಧ್ಯಾರಾಣಿ ಆರನೇ ಕ್ಲಾಸಿನಲ್ಲಿದ್ದಾಗ ಅವಳ ದೊಡ್ಡಪ್ಪ ಜುಂಜಪ್ಪ ಹೊಲದ ಬದುವಿನ ಬೇವಿನ ಮರದ ಕೆಳಗೆ ಆಡುಗಳನ್ನು ಸೇರಿಸಿಕೊಂಡು ಮಳೆಗೆ ನಿಂತಿದ್ದ. ಅವನಿಗೆ ಬುತ್ತಿ ತೆಗೆದುಕೊಂಡು ಹೊರಟಿದ್ದವಳು ಇವಳೇ. ಒಂದು ಹೊಲ ದೂರವಿತ್ತು. ಕಣ್ಣು ಬಿಳಿಯಾಯಿತು, ಕಿವಿ ಮುಚ್ಚಿಹೋಯಿತು. ಕಣ್ಣು ಬಿಟ್ಟಾಗ ದೊಡ್ಡಪ್ಪ ಮಲಗಿದ್ದ, ಆಡುಗಳು ಅವನ ಸುತ್ತ ಮಲಗಿದ್ದವು. ಮರದ ತೊಗಟೆ ಮೇಲಿನಿಂದ ಕೆಳಕ್ಕೆ ಒಂದು ಗೀರು ಸುಲಿದಿತ್ತು, ಅಷ್ಟೆ. ಇವಳು ಬುತ್ತಿಗಂಟನ್ನು ಕೆಳಗಿಡದೆ ಊರತನಕ ಓಡಿ ಬಂದಿದ್ದಳಂತೆ. ಅದಾದ ಮೇಲೆ ಬಿಸಿಲಿನಲ್ಲೂ ಅವಳು ಮರದ ನೆರಳಿಗೆ ನಿಂತವಳಲ್ಲ.

ಇಂಥವಳು ಬೈಕಿನ ಮೇಲೆ ಕುಳಿತು, ಡೇರೆ ಹಾಕಿ ಮಲಗುವುದಕ್ಕೆಂದು ನ್ಯಾಮತಿ ಕಡೆ ಹೊರಟಳು ಅನ್ನುವುದೇ ಒಂದು ಸುದ್ದಿಯಾಗಿತ್ತು.

ಯೋಚನೆ ಶರಣುವಿನದು. ಶರಣು ಜಗಳೂರಿನ ಒಂದು ಸೊಸೈಟಿಯಲ್ಲಿ ಗುಮಾಸ್ತ. ಸಂಧ್ಯಾರಾಣಿಯ ಗಂಡ ತಿಪ್ಪೇಶನಿಗೆ ಜಗಳೂರಿನಲ್ಲೇ ಬೈಕ್ ರಿಪೇರಿ ಅಂಗಡಿ. ಸಂಜೆಯಾದರೆ ಶರಣು ಅಲ್ಲಿ ಸ್ಟೂಲಿನ ಮೇಲೆ ಕುಳಿತು ಫೋನಿನಲ್ಲಿ ಯಾರ್ಯಾರೋ ಗುಡ್ಡದ ಮೇಲೆ ಬೈಕ್ ನಿಲ್ಲಿಸಿ ಟೆಂಟ್ ಹಾಕುವ ವಿಡಿಯೋ ತೋರಿಸುತ್ತಿದ್ದ. ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಎರಡು ಟೆಂಟು ತರಿಸಿಯೇಬಿಟ್ಟ.

“ಬಯಲಾಗೆ ಮಲಗೋದು ಕುರಿ ಕಾಯೋರು ದಿನಾ ಮಾಡೋದೇ ಅಲ್ವೇನ್ಲಾ” ಅಂದಳು ಸಾವಂತ್ರಮ್ಮ. “ಅದಕ್ಕೆ ಪೆಟ್ರೋಲ್ ಸುಟ್ಕಂಡು ನ್ಯಾಮತಿ ಗಂಟ ಹೋಗ್ಬೇಕಾ?”

“ನೀನು ಬರಬ್ಯಾಡ ಬಿಡು ದೊಡ್ಡವ್ವ” ಅಂದ ಮೈಲಾರಿ. ಅವನು ತಿಪ್ಪೇಶನ ಅಂಗಡಿಯ ಪಾಲುದಾರ, ಮದುವೆಯಾಗದವನು, ಬಾಯಿ ಸುಮ್ಮನಿರದವನು.

“ಯಾಕೆ ಬರಬ್ಯಾಡ? ನಾನು ಹೊಳೆ ನೋಡಿ ಎಷ್ಟು ಕಾಲ ಆತು. ನಿನ್ನ ಬೈಕಿನ ಹಿಂದೆ ನಾನೇ ಕೂರೋದು. ನಿನಗೆ ಬ್ಯಾರೆ ಯಾರು ಸಿಗ್ತಾರೆ?”

ಹಾಗೆ ಮೂರು ಬೈಕು ಹೊರಟವು. ತಿಪ್ಪೇಶನ ಬೈಕಿನಲ್ಲಿ ಸಂಧ್ಯಾರಾಣಿ, ನಡುವೆ ಧನುಶ್ರೀ. ಶರಣುವಿನ ಹಿಂದೆ ಹೆಂಡತಿ ನೇತ್ರಾವತಿ. ಮೈಲಾರಿಯ ಹಿಂದೆ ಪಾತ್ರೆ ಗಂಟಿಗೆ ಬೆನ್ನು ಕೊಟ್ಟು, ಹೆಗಲ ಮೇಲೆ ಕರಿಕಂಬಳಿ ಹಾಕಿಕೊಂಡು ಸಾವಂತ್ರಮ್ಮ. ಮೇ ತಿಂಗಳ ಉರಿಯಲ್ಲಿ ಕಂಬಳಿ ಯಾಕೆ ಎಂದು ದಾರಿಯುದ್ದಕ್ಕೂ ಎಲ್ಲರೂ ಅವಳನ್ನು ಆಡಿಕೊಂಡರು. ಸಂಧ್ಯಾರಾಣಿ ಆಡಿಕೊಳ್ಳಲಿಲ್ಲ. ಅವಳ ಚೀಲದಲ್ಲಿಯೂ ಅಂಥದೇ ಸಾಮಾನು ಇತ್ತು: ಜ್ವರದ ಔಷಧಿ, ಬೆಲ್ಲ, ಮಗುವಿಗೆ ಒಣಬಟ್ಟೆಯ ಮೂರು ಜೊತೆ, ಎರಡು ಬ್ಯಾಟರಿ. ಮಗುವಿನ ತಲೆಗೆ ತಾನೇ ಹೊಲಿದ ಕೆಂಪು ಕುಲಾವಿ ಕಟ್ಟಿದ್ದಳು, ಗಲ್ಲದ ಕೆಳಗೆ ಗಂಟು ಬಿಗಿಯಾಗಿ.

ಅವತ್ತಿನ ಹವಾ ಯಾರ ಮಾತೂ ಕೇಳುತ್ತಿರಲಿಲ್ಲ. ಜಗಳೂರಿನಲ್ಲಿ ಬಿಸಿಲು. ಕತ್ತಲಗೆರೆ ಹತ್ತಿರ ಭತ್ತ ಕೊಯ್ದ ಗದ್ದೆಗಳ ಮೇಲೆ ಬಿಸಿಲಿನಲ್ಲೇ ಸೋನೆ. ಚನ್ನಗಿರಿಯಲ್ಲಿ ಚಾ ಕುಡಿಯುವಾಗ ಗಾಳಿ ಎದ್ದು ಹೋಟೆಲಿನವನ ತಗಡು ಬಡಿದಾಡಿತು. ಮೂರು ಫೋನು ತೆಗೆದು ನೋಡಿದರೆ ಒಂದು ಮಳೆ ಅಂದಿತು, ಒಂದು ಮೋಡ ಅಂದಿತು, ಮೈಲಾರಿಯದರಲ್ಲಿ ಚಾರ್ಜು ಇರಲಿಲ್ಲ.

“ವಾಪಸ್ ಹೋಗಾಣ ರೀ” ಅಂದಳು ಸಂಧ್ಯಾರಾಣಿ ಗಂಡನ ಕಿವಿಯ ಹತ್ತಿರ.

“ಸಾಸ್ವೆಹಳ್ಳಿ ಗಂಟ ಹೋಗಿ ನೋಡಾಣ.”

ಸಾಸ್ವೆಹಳ್ಳಿಗೆ ಬಂದಾಗ ಆಕಾಶ ತೊಳೆದಿಟ್ಟ ಹಾಗಿತ್ತು. ಹೊಳೆ ಕಂಡು ಸಾವಂತ್ರಮ್ಮ ಬೈಕಿನ ಮೇಲಿಂದಲೇ ಕೈಮುಗಿದಳು. ಮತ್ತೆ ವಾಪಸಿನ ಮಾತು ಬರಲಿಲ್ಲ. ಹೊನ್ನಾಳಿ ದಾಟಿ, ನ್ಯಾಮತಿ ದಾಟಿ, ಗುಡ್ಡಗಳ ಬುಡಕ್ಕೆ ಬಂದಾಗ ಹೊತ್ತು ಇಳಿಮುಖವಾಗಿತ್ತು. ದೂರದ ಗುಡ್ಡದ ತಲೆಯ ಮೇಲೆ ಮಾತ್ರ ಒಂದು ಕಪ್ಪು ಮೋಡ ಮೊಣಕಾಲೂರಿ ಕುಳಿತಿತ್ತು.

ಶರಣು ಆರಿಸಿದ ಜಾಗ ಹಳ್ಳದ ದಡದ ಮೇಲಿನ ದೊಡ್ಡ ಹುಣಸೆಮರದ ಬುಡ. ಸಮತಟ್ಟಾಗಿತ್ತು, ನೆರಳಿತ್ತು. ಅವನು ಟೆಂಟಿನ ಚೀಲ ಬಿಚ್ಚುವುದರೊಳಗೆ ಸಂಧ್ಯಾರಾಣಿ ಬಂದು ಮಗುವನ್ನೆತ್ತಿಕೊಂಡು ದೂರ ನಿಂತಳು.

“ಮರದ ಬುಡ ಬ್ಯಾಡ ಅಣ್ಣ.”

“ಮೋಡ ಅಲ್ಲೆಲ್ಲೋ ಐತೆ ಅತ್ತಿಗೆ. ಇಲ್ಲಿ ಬಿಸಿಲು ನೋಡ್ರಿ.”

“ಬ್ಯಾಡ ಅಂದ್ರೆ ಬ್ಯಾಡ. ಕೆಳಗೆ ಮರಳು ಎಷ್ಟು ಚೆನ್ನಾಗೈತೆ. ಅಲ್ಲಿ ಹಾಕ್ರಿ.”

ಹಳ್ಳದ ತುಂಬ ಬಿಳಿ ಮರಳು, ನಡುವೆ ಒಂದು ಕಡೆ ಪಾದ ನೆನೆಯುವಷ್ಟು ನೀರು. ಅದನ್ನು ನೋಡಿ ಯಾರೂ ಎರಡನೇ ಮಾತು ಆಡಲಿಲ್ಲ. ಸೊಕ್ಕೆಯವರಿಗೆ ಹಳ್ಳವೆಂದರೆ ಮರಳೇ. ಮದುವೆಯ ಪಂಕ್ತಿ ಕೂರಿಸುವುದು ಅಲ್ಲಿ, ಹುಡುಗರು ಕ್ರಿಕೆಟ್ ಆಡುವುದು ಅಲ್ಲಿ, ಬೇಸಿಗೆಯಲ್ಲಿ ಚಾಪೆ ಹಾಸುವುದು ಅಲ್ಲಿ. ಇರುವೆ ಇಲ್ಲ, ಮುಳ್ಳಿಲ್ಲ, ಬೆನ್ನಿಗೆ ತಂಪು. ಯಾವುದೋ ಒಂದು ವರ್ಷ ನೀರು ಬಂದರೆ, ಅದಕ್ಕೂ ಮೊದಲು ಊರಿನ ಮೇಲೆ ಮಳೆ ಸುರಿದಿರುತ್ತದೆ. ತಲೆ ನೆನೆಯದೆ ಹಳ್ಳ ಬರುವುದನ್ನು ಅವರ್ಯಾರೂ ಕಂಡವರಲ್ಲ. ಗುಡ್ಡದ ಹಳ್ಳದ ಸ್ವಭಾವ ಬೇರೆ ಇರಬಹುದೆಂದು ಯಾರ ತಲೆಗೂ ಹೊಳೆಯಲಿಲ್ಲ.

ಮರಳಿನಲ್ಲಿ ಸ್ಟ್ಯಾಂಡ್ ನಿಲ್ಲದೆಂದು ಬೈಕುಗಳನ್ನು ದಡದ ಮೇಲೆಯೇ ಬಿಟ್ಟರು. ಟೆಂಟು ಎದ್ದವು. ನೇತ್ರಾವತಿ ಮೂರು ಕಲ್ಲು ಜೋಡಿಸಿದಳು. ಹಳ್ಳದ ಆಚೆ ದಡದಲ್ಲಿ ಒಂದು ನೇರಳೆ ಮರ ಕಂಡಿದ್ದೇ ಧನುಶ್ರೀ ಅಜ್ಜಿಯ ಸೆರಗು ಹಿಡಿದು ಜಗ್ಗತೊಡಗಿತು.

“ಬಾ, ಕಂಬಳಿ ಹಾಸಿ ಕೊಂಬೆ ಅಲ್ಲಾಡಿಸಾಣ. ಒಂದ್ ಹಣ್ಣೂ ಮಣ್ಣಾಗಬಾರದು” ಎಂದು ಸಾವಂತ್ರಮ್ಮ ಮೊಮ್ಮಗಳನ್ನು ಸೊಂಟಕ್ಕೇರಿಸಿಕೊಂಡು ಮರಳು ದಾಟಿ ಹೋದಳು. ಹೋಗುವಾಗ ತಿರುಗಿ, “ಕಂಬಳಿ ಯಾಕೆ ಅಂದ್ರಲ್ಲ, ನೋಡಿ ಈಗ” ಅಂದಳು ಮೈಲಾರಿಗೆ.

ಸಂಧ್ಯಾರಾಣಿ ಅಕ್ಕಿ ತೊಳೆಯುತ್ತಿದ್ದಳು. ಕಣ್ಣು ಮಾತ್ರ ಆಚೆ ದಡದ ಕೆಂಪು ಕುಲಾವಿಯ ಮೇಲೆಯೇ. ಆಗ ಪಾತ್ರೆಯ ಪಕ್ಕದಲ್ಲಿ ಏನೋ ಸರಿದಂತಾಯಿತು. ನೋಡಿದರೆ ಒಣಗಿದ ಎಲೆಗಳು, ಕಡ್ಡಿಗಳು, ಮೇಲೆ ಕಂದು ನೊರೆ. ಗಾಳಿಯಿರಲಿಲ್ಲ, ಆದರೂ ಎಲೆಗಳು ನಡೆದು ಬರುತ್ತಿದ್ದವು. ಮೇಲೆ ಬಿಸಿಲು ಹಾಗೇ ಇತ್ತು.

“ಇದೇನ್ರೀ ಇದು” ಅಂದಳು. ಆ ಮಾತು ಮುಗಿಯುವುದರೊಳಗೆ ಹಳ್ಳದ ತಿರುವಿನಾಚೆ ಭತ್ತದ ಲಾರಿಗಳು ಒಂದರ ಹಿಂದೊಂದು ಬಂದಂಥ ಸದ್ದು.

ಎಲ್ಲರೂ ದಡದ ಕಡೆ ಓಡಿದರು. ಅವಳು ಆಚೆ ಓಡಿದಳು. ನಡುಹಳ್ಳಕ್ಕೆ ಹೋಗುವಾಗ ಕಣಕಾಲಿಗಿದ್ದ ನೀರು ಎರಡು ಹೆಜ್ಜೆಗೆ ಮೊಣಕಾಲಿಗೆ ಬಂತು. ಮರಳು ಪಾದದ ಕೆಳಗಿಂದ ಯಾರೋ ಎಳೆದುಕೊಂಡಂತೆ ಜಾರಿತು. ಹಿಂದಿನಿಂದ ತಿಪ್ಪೇಶ ಸೊಂಟಕ್ಕೆ ಕೈಹಾಕಿ ಎತ್ತಿದ. ಅವಳು ಅವನ ತೋಳು ಕಚ್ಚಿದಳು. ಅವನು ಬಿಡಲಿಲ್ಲ. ಮೈಲಾರಿ ದಡದಿಂದ ಚಾಚಿದ ಕೈಗೆ ಇಬ್ಬರೂ ಸಿಕ್ಕು ಮೇಲೆ ಬಂದಾಗ ಟೆಂಟುಗಳು ತೊಟ್ಟಿಲಿನಂತೆ ತೂಗುತ್ತ ಹೊರಟುಹೋಗಿದ್ದವು. ಅಕ್ಕಿಯ ಪಾತ್ರೆ ಸ್ವಲ್ಪ ದೂರ ತೇಲಿ ಮುಳುಗಿತು.

ಈಗ ನಡುವೆ ಹಳ್ಳವಿರಲಿಲ್ಲ, ಕೆಂಪು ಹೊಳೆಯಿತ್ತು. ಆಚೆ ದಡದ ಮೇಲೆ ಸಾವಂತ್ರಮ್ಮ ಮಗುವನ್ನು ಅವುಚಿಕೊಂಡು ನಿಂತಿದ್ದಳು. ಅವಳು ಬಾಯಿ ಆಡಿಸುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ.

ಅದಾದ ಮೇಲೆ ಮಳೆ ಬಂತು. ಗುಡ್ಡದ ಮೇಲಿನ ಮೋಡ ತನ್ನ ನೀರನ್ನು ಮುಂದೆ ಕಳಿಸಿ ಹಿಂದಿನಿಂದ ತಾನು ಬಂದಿತ್ತು. ಬಿಸಿಲು ಆರಿತು. ಮೊದಲ ಗುಡುಗು ನೆಲದೊಳಗಿಂದ ಬಂದಂತೆ ಪಾದಕ್ಕೆ ಮುಟ್ಟಿತು.

ಸಾವಂತ್ರಮ್ಮ ಹಳ್ಳಿಯ ಎಲ್ಲರೂ ಮಾಡುವುದನ್ನೇ ಮಾಡಿದಳು. ಮಗುವನ್ನು ಮಳೆಗೆ ನೆನೆಯಬಿಡದೆ ನೇರಳೆ ಮರದ ಬುಡಕ್ಕೆ ಸರಿದು ನಿಂತಳು.

ಸಂಧ್ಯಾರಾಣಿಯ ಗಂಟಲಿನಿಂದ ಹೊರಟ ಸದ್ದು ಮಾತಾಗಿರಲಿಲ್ಲ. ಒಂದು ಹೊಲ ದೂರ. ಅಷ್ಟೇ ದೂರ. ಅವಳು ಹುಣಸೆಮರದಿಂದ ಆಚೆ, ದಡದ ಬಯಲಿಗೆ ಓಡಿದಳು. ಮರ ತೋರಿಸಿದಳು, ಎರಡು ಕೈ ಅಡ್ಡಡ್ಡ ಬೀಸಿದಳು, ಮತ್ತೆ ಮರ ತೋರಿಸಿದಳು. ಎರಡೂ ಕೈಯಿಂದ ಬಾ ಬಾ ಎಂದು ಎಳೆದಳು. ತಾನೇ ಪಾದ ಜೋಡಿಸಿ ಕುಕ್ಕರುಗಾಲಿನಲ್ಲಿ ಕುಳಿತು ತೋರಿಸಿದಳು. ಆಚೆ ಅತ್ತೆ ತಲೆ ವಾರೆ ಮಾಡಿ ನೋಡುತ್ತಿದ್ದಳು. ಸೊಸೆಗೆ ತಲೆ ಕೆಟ್ಟಿತೆಂದುಕೊಂಡಳೋ ಏನೋ.

“ಜುಂಜಪ್ಪನ ಮರ, ಅತ್ತೇ. ಜುಂಜಪ್ಪನ ಮರ” ಎಂದು ಕೂಗುತ್ತಲೇ ಇದ್ದಳು.

ಕೂಗು ಮುಟ್ಟಿತೋ, ಕೈಸನ್ನೆಯೇ ಹೇಳಿತೋ. ಸಾವಂತ್ರಮ್ಮ ಒಮ್ಮೆ ತಲೆಯೆತ್ತಿ ಮರವನ್ನು ನೋಡಿದಳು. ಆಮೇಲೆ ಕಂಬಳಿಯನ್ನು ಜಾಡಿಸಿ ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು, ಮಗುವನ್ನು ಅದರೊಳಗೆ ಸೇರಿಸಿಕೊಂಡು, ಮಳೆಯಲ್ಲಿ ಬಯಲಿಗೆ ನಡೆದು ಬಂದು ಕುಕ್ಕರುಗಾಲಿನಲ್ಲಿ ಕುಳಿತಳು. ದೂರದಿಂದ ಒಂದು ಕರಿಗುಂಡಿನ ಹಾಗೆ ಕಾಣುತ್ತಿದ್ದಳು. ಗುಂಡಿನ ನಡುವೆ ಒಂದು ಕೆಂಪು ಚುಕ್ಕೆ.

ಹೊತ್ತು ಮುಳುಗುವ ಮೊದಲೇ ಕತ್ತಲಾಗತೊಡಗಿತು. ಆಚೆ ದಡ ಮಸುಕಾಯಿತು.

“ಬೈಕ್ ತರ್ರಿ” ಅಂದಳು ಸಂಧ್ಯಾರಾಣಿ. “ಎಲ್ಲಾ ಇಲ್ಲಿ ತಂದು ಲೈಟು ಆ ಕಡೆ ಬಿಡ್ರಿ. ನಾವಿರೋದು ಕಾಣಬೇಕು.”

ಮೂರು ಬೈಕು ದಡದ ಅಂಚಿನಲ್ಲಿ ಸಾಲಾಗಿ ನಿಂತವು. ಬೆಳಕು ಕೆಂಪು ನೀರಿನ ಮೇಲೆ ಹಾದು ಆಚೆ ಬಿತ್ತು. ಕೆಂಪು ಚುಕ್ಕೆ ಮತ್ತೆ ಕಂಡಿತು.

ಆ ಬೆಳಕು ನೋಡಿಯೇ ಮೇಲಿನ ತೋಟದಿಂದ ಒಬ್ಬರು ಬ್ಯಾಟರಿ ಹಿಡಿದು ಓಡಿ ಬಂದರು. ಷಣ್ಮುಖಪ್ಪ ಅಂತ, ಅಲ್ಲೇ ಹೊಲ ಇದ್ದವರು.

“ಮರಳಾಗೆ ಡೇರೆ ಹಾಕಿದ್ರಾ? ಯಾವೂರ್ರೀ ನಿಮ್ಮದು?”

“ಸೊಕ್ಕೆ. ಜಗಳೂರು ಕಡೆ” ಅಂದ ಶರಣು.

“ಅದಕ್ಕೇ ಮತ್ತೆ” ಅಂದರು ಷಣ್ಮುಖಪ್ಪ. ಆಮೇಲೆ ಆಚೆ ನೋಡಿದರು, ದನಿ ಬದಲಾಯಿತು. “ಅಯ್ಯೋ ಶಿವನೆ. ಕೂಸು ಐತಾ ಅಲ್ಲಿ?”

ಹಳ್ಳ ಇಳಿಯಲು ಎಷ್ಟು ಹೊತ್ತೋ ಹೇಳಲಾಗದು, ಗುಡ್ಡದ ಮೇಲೆ ಮಳೆ ನಿಂತಿಲ್ಲ ಅಂದರು. ಕೆಳಗೆ ಸೇತುವೆಯಿದೆ, ಅದನ್ನು ದಾಟಿ ಕಾಡಂಚಿನ ಬಂಡಿದಾರಿಯಲ್ಲಿ ಸುತ್ತಿ ಬಂದರೆ ಆಚೆ ದಡ. ದಾರಿ ಕೆಟ್ಟದ್ದು, ತಾನಿಲ್ಲದೆ ಸಿಗುವುದಿಲ್ಲ. ತಿಪ್ಪೇಶ ಮಾತು ಮುಗಿಯುವ ಮೊದಲೇ ಬೈಕು ತಿರುಗಿಸಿದ್ದ. ಷಣ್ಮುಖಪ್ಪ ಹಿಂದೆ ಹತ್ತಿದರು.

“ನಾನೂ ಬತ್ತೀನಿ ರೀ” ಎಂದು ಸಂಧ್ಯಾರಾಣಿ ಹಿಂದಿನ ಕಂಬಿ ಹಿಡಿದಳು. ಹಿಡಿದು ಆಚೆ ನೋಡಿದಳು. ಬಿಟ್ಟಳು. “ಹೋಗ್ರಿ. ನಾನಿಲ್ಲಿ ಇರ್ತೀನಿ. ಅದು ನನ್ನ ನೋಡ್ತಾ ಐತೆ.”

ಅವನು ಹೋದ ಮೇಲೆ ಮಿಂಚು ಹತ್ತಿರವಾಯಿತು. ಬೆಳಕಿಗೂ ಸದ್ದಿಗೂ ನಡುವೆ ಉಸಿರೆಳೆದುಕೊಳ್ಳುವಷ್ಟು ಸಮಯವೂ ಉಳಿಯಲಿಲ್ಲ. ನೇತ್ರಾವತಿ ಬಂದು ಅವಳ ಸೆರಗು ಎಳೆದಳು.

“ಅಕ್ಕಾ, ಕುಂತ್ಕ. ನೀನೇ ಹೇಳೋದಲ್ವಾ, ಬಯಲಾಗೆ ನಿಲ್ಲಬಾರದು ಅಂತ.”

ಹೌದು. ಸೊಕ್ಕೆಯಲ್ಲಿ ಹೋದವರಿಗೆ ಬಂದವರಿಗೆಲ್ಲ ಹೇಳುತ್ತಿದ್ದವಳು ಅವಳೇ. ಅವಳು ಕುಳಿತಳು. ಪಾದ ಜೋಡಿಸಿ, ತಲೆ ಮೊಣಕಾಲಿಗಿಟ್ಟು, ಕಿವಿ ಮುಚ್ಚಿ. ದಡದ ಅಂಚಿಗೆ ಬೆಳೆದಿದ್ದ ಲಂಟಾನದ ಪೊದೆ ಅವಳನ್ನು ಮುಚ್ಚಿತು.

“ಅತ್ತಿಗೆ, ಏಳ್ರಿ” ಅಂದ ಶರಣು. ಅವಳು ತಲೆಯೆತ್ತಿ ಪೊದೆಯ ಸಂದಿಯಿಂದ ನೋಡಿದಳು.

ಆಚೆ ಕಂಬಳಿಯಿಂದ ಕೆಂಪು ಚುಕ್ಕೆ ಹೊರಬಂದಿತ್ತು. ಅಮ್ಮ ಕಾಣದಾದಳೆಂದು ಧನುಶ್ರೀ ಅಜ್ಜಿಯ ಕೈಯಿಂದ ನುಸುಳಿ, ಬೆಳಕಿನ ಕಡೆಗೆ, ನೀರಿನ ಕಡೆಗೆ ಪುಟುಪುಟು ಬರುತ್ತಿತ್ತು. ಹಿಂದೆ ಸಾವಂತ್ರಮ್ಮ ಏಳಲು ಹೋಗಿ ಕೆಸರಿನಲ್ಲಿ ಜಾರಿ ಅಂಗೈ ಊರಿದ್ದಳು.

ಸಂಧ್ಯಾರಾಣಿ ಎದ್ದಳು. ಬೈಕುಗಳ ಮುಂದೆ ಬಂದು, ಬೆಳಕು ಬೆನ್ನಿಗೆ ಬೀಳುವಲ್ಲಿ ಅಲ್ಲ, ಮುಖಕ್ಕೆ ಬೀಳಬೇಕೆಂದು ಮೈಲಾರಿಯ ಬೈಕನ್ನು ತಾನೇ ಅಡ್ಡ ತಿರುಗಿಸಿ, ಪೊದೆಯಾಚೆ ಬಯಲಲ್ಲಿ ನಿಂತಳು. ಎರಡು ಕೈ ಮೇಲೆತ್ತಿದಳು. ಅಂಗೈ ಮುಂದೆ ಮಾಡಿ, ಅಲ್ಲೇ ಇರು, ಅಲ್ಲೇ ಇರು.

ಮಗು ನಿಂತಿತು. ಅಜ್ಜಿ ಬಂದು ಹಿಡಿದುಕೊಂಡಳು. ಮಗುವಿಗೆ ಏನೋ ಹೇಳಿದಳು. ಮತ್ತೆ ಕಂಬಳಿ ಮುಚ್ಚಿತು, ಮುಖ ಮಾತ್ರ ಹೊರಗೆ.

ಇನ್ನು ಅವಳು ಕೂರುವ ಹಾಗಿರಲಿಲ್ಲ. ಕುಳಿತರೆ ಮಗು ನೀರಿಗೆ ಬರುತ್ತದೆ. ಇಷ್ಟು ಸರಳವಾಗಿ ಅವಳ ಬದುಕಿನಲ್ಲಿ ಯಾವುದೂ ಯಾವತ್ತೂ ತೀರ್ಮಾನವಾಗಿರಲಿಲ್ಲ. ಆ ದಡದಲ್ಲಿ ಅವಳಿಗಿಂತ ಎತ್ತರದ್ದು ಹತ್ತಿರ ಏನೂ ಇರಲಿಲ್ಲ. ಅದು ಅವಳಿಗೆ ಗೊತ್ತಿತ್ತು. ತೊಗಟೆ ಸುಲಿದ ಆ ಒಂದು ಗೀರು ತನ್ನ ಬೆನ್ನಿನ ಮೇಲೆಯೇ ಇಳಿಯುತ್ತಿರುವಂತೆ, ಪ್ರತಿ ಮಿಂಚಿಗೂ ನೆತ್ತಿಯಿಂದ ಹಿಮ್ಮಡಿಯತನಕ ಚಳಿ ಹರಿಯಿತು. ಹಲ್ಲು ಕಟಕಟ ಅಂದವು. ಲಂಗ ಒದ್ದೆಯಾಗಿದ್ದು ಮಳೆಗೋ ಹೆದರಿಕೆಗೋ ಅವಳಿಗೇ ತಿಳಿಯಲಿಲ್ಲ. ಕಣ್ಣು ಮುಚ್ಚಬೇಕೆನಿಸಿತು, ಮುಚ್ಚಲಿಲ್ಲ. ಮರಳಿಗೆ ಹಾಕ್ರಿ ಅಂದವಳು ನಾನೇ ಅನ್ನುವುದು ತಲೆಯೊಳಗೆ ರುಬ್ಬುಗುಂಡಿನಂತೆ ಸುತ್ತುತ್ತಿತ್ತು. ಅದನ್ನು ಆಮೇಲೆ ನೋಡಿಕೊಳ್ಳೋಣ ಎಂದು ಪಕ್ಕಕ್ಕಿಟ್ಟಳು. ಈಗ ನಿಲ್ಲುವುದು ಕೆಲಸ.

ಮೈಲಾರಿ ಹಿಂದೆ ಎಂಜಿನ್ ಆರದಂತೆ ನೋಡಿಕೊಳ್ಳುತ್ತಿದ್ದ. ಗಂಡನ ಬೈಕಿನ ಬೆಳಕು ಆಚೆ ಎಲ್ಲೂ ಕಾಣುತ್ತಿರಲಿಲ್ಲ. ಕಾಡಂಚಿನ ದಾರಿ, ಮಳೆ, ಕೆಸರು. ಸೇತುವೆಯ ಮೇಲೂ ನೀರು ಬಂದಿದ್ದರೆ? ಆ ಯೋಚನೆ ಬಂದಾಗ ಕೆಳಗಿನ ಸೇತುವೆಯ ಕಡೆ ತಿರುಗಿದಳು. ಆಚೆ ಕೆಂಪು ಚುಕ್ಕೆ ಅಲ್ಲಾಡಿತು. ಮತ್ತೆ ಅದರ ಕಡೆ ಮುಖ ಮಾಡಿ ನೆಟ್ಟಗೆ ನಿಂತಳು.

ಎಷ್ಟು ಹೊತ್ತು ಎಂದು ಆಮೇಲೆ ಒಬ್ಬೊಬ್ಬರು ಒಂದೊಂದು ಹೇಳಿದರು. ಅವಳಿಗೆ ಗೊತ್ತಿರುವುದು ಇಷ್ಟು: ನೇರಳೆ ಮರದ ಹಿಂದೆ, ತೀರ ಕೆಳಗೆ, ಒಂದು ಬೆಳಕು ಕುಲುಕುತ್ತ ಬಂತು. ಕಾಣೆಯಾಯಿತು. ಮತ್ತೆ ಬಂತು. ನಿಂತಿತು. ಅದರ ಮುಂದೆ ಒಬ್ಬ ಓಡಿದ. ಕೆಂಪು ಚುಕ್ಕೆ ನೆಲದಿಂದ ಎದ್ದು ಅವನ ಹೆಗಲಿನಷ್ಟು ಎತ್ತರಕ್ಕೆ ಹೋಯಿತು, ಅಲ್ಲಿಂದ ಇನ್ನೂ ಮೇಲೆ, ಅವಳಿಗೆ ಕಾಣಲೆಂದು.

ಸಂಧ್ಯಾರಾಣಿ ಇದ್ದಲ್ಲೇ ಕುಸಿದು ಕುಳಿತಳು.

ಷಣ್ಮುಖಪ್ಪನವರ ಮನೆ ರಸ್ತೆ ಪಕ್ಕದಲ್ಲೇ ಇತ್ತು. ಅವರ ಹೆಂಡತಿ ಒಲೆ ಹಚ್ಚಿ, ಒಣಸೀರೆ ಕೊಟ್ಟು, ಬಿಸಿನೀರು ಕಾಯಿಸಿಟ್ಟಿದ್ದರು. ತಿಪ್ಪೇಶ ಮಗುವನ್ನು ತಂದು ಮಡಿಲಿಗೆ ಹಾಕಿದಾಗ ಸಂಧ್ಯಾರಾಣಿ ಮೊದಲು ನೋಡಿದ್ದು ತುಟಿ. ತುಟಿ ನೀಲಿಯಾಗಿತ್ತು. ಹೆಬ್ಬೆರಳಿನಿಂದ ಉಜ್ಜಿದಳು. ಬಣ್ಣ ಬೆರಳಿಗೆ ಬಂತು.

“ನೇರಳೆ ಕಣೇ” ಅಂದಳು ಸಾವಂತ್ರಮ್ಮ, ಒಲೆಯ ಮುಂದೆ ಅಂಗೈಯ ಕೆಸರು ತೊಳೆಯುತ್ತ. “ಅಷ್ಟೊಂದು ಮಳೆಯಾಗೆ ಒಂದೊಂದೇ ಬಾಯಿಗೆ ಹಾಕ್ತಾ ಕುಂತಿದ್ದೆ. ಬ್ಯಾರೆ ಏನಿತ್ತು ನನ್ನ ಹತ್ರ?”

“ಅತ್ತೆ, ಅಳಲಿಲ್ವಾ ಅದು?”

“ನೀನು ಕೂತಾಗ ಅತ್ತಿದ್ದು ಅಷ್ಟೆ. ಆಮೇಲೆ ಹೇಳ್ದೆ, ನಿಮ್ಮವ್ವ ಆಟ ಆಡ್ತಾ ಅವಳೆ, ಕಂಬದಾಟ. ಯಾರು ಮೊದಲು ಅಲ್ಲಾಡ್ತಾರೋ ಅವರು ಸೋತಂಗೆ ಅಂತ.” ಸಾವಂತ್ರಮ್ಮ ಸೊಸೆಯ ಕಡೆ ನೋಡಲಿಲ್ಲ, ಬೆಂಕಿ ಕೆದಕಿದಳು. “ನೀನು ಎಲ್ಲಿ ಕುಂತ್ಕಂತೀಯೋ ಅಂತ ನನ್ನ ಜೀವ ಬಾಯಿಗೆ ಬಂದಿತ್ತು. ನಿನ್ನ ಹೆದರಿಕೆ ನಂಗೆ ಗೊತ್ತಿಲ್ವಾ.”

ಹೊರಗೆ ಮತ್ತೊಮ್ಮೆ ಗುಡುಗಿತು. ಸಂಧ್ಯಾರಾಣಿ ಬೆಚ್ಚಿ, ಒರಗಿದ್ದ ಗೋಡೆಯಿಂದ ಒಂದು ಗೇಣು ಮುಂದೆ ಸರಿದು ಕುಳಿತಳು. ಮೈಲಾರಿ ಅದನ್ನು ನೋಡಿದ. ಎದ್ದುಹೋಗಿ ಆ ಮನೆಯ ಟೀವಿಯ ಪ್ಲಗ್ಗು ಕಿತ್ತು ಬಂದ.

ಕುಲಾವಿಯ ಗಂಟು ನೆನೆದು ಬಿಗಿದುಕೊಂಡಿತ್ತು. ಅವಳು ಹಲ್ಲಿನಿಂದ ಕಚ್ಚಿ ಬಿಚ್ಚುತ್ತಿರುವಾಗ ಧನುಶ್ರೀ ಅವಳ ಗಲ್ಲ ಹಿಡಿದು ಮುಖ ತನ್ನ ಕಡೆ ತಿರುಗಿಸಿಕೊಂಡಿತು.

“ಅಮ್ಮಾ, ಅಪ್ಪ ಬಂದಾಗ ನೀನು ಕುಂತೆ. ನಾನು ನೋಡ್ದೆ. ನೀನು ಸೋತೆ.”

“ಹೂಂ, ಸೋತೆ” ಅಂದಳು ಸಂಧ್ಯಾರಾಣಿ, ಮಗುವಿನ ಪಾದಗಳನ್ನು ಅಂಗೈಯೊಳಗಿಟ್ಟು ಬಿಸಿ ಮಾಡುತ್ತ. “ಕಾಲು ಕೊಡು ಇಲ್ಲಿ. ಇನ್ನೊಂದೂ ಕೊಡು.”